ಆರ್ಡರ್ ರದ್ದು ಮಾಡುವ ನಿಯಮ ಯಾವ ಲೇಯರ್‌ನಲ್ಲಿರಬೇಕು?

ಪ್ರಶ್ನೆ:
ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಆ್ಯಪ್. ಕಂಟ್ರೋಲರ್ (ವಿನಂತಿ ಪಡೆಯೋದು), ಸರ್ವೀಸ್ (ಕೆಲಸ ನಡೆಸೋದು), ರೆಪಾಸಿಟರಿ (ಡೇಟಾಬೇಸ್ ಓದಿ ಬರೆಯೋದು) ಅಂತ ಮೂರು ಲೇಯರ್ ಇವೆ, ಆರ್ಡರ್ ಕ್ಲಾಸ್‌ನಲ್ಲಿ ಬರೀ ಗೆಟರ್, ಸೆಟರ್. ‘ರವಾನೆಯಾದ ಆರ್ಡರ್ ರದ್ದು ಮಾಡುವಂತಿಲ್ಲ’ ಅನ್ನೋ ನಿಯಮ ಸರ್ವೀಸ್‌ನಲ್ಲಿದೆ. ಆದರೆ ಒಂದು ಬ್ಯಾಚ್ ಜಾಬ್ ಸರ್ವೀಸನ್ನು ಮುಟ್ಟದೆ ನೇರವಾಗಿ ಸೆಟ್‌ಸ್ಟೇಟಸ್ ಕರೆದುಬಿಡುತ್ತದೆ. ನಿಯಮ ಎಲ್ಲಿಡೋದು ಸರಿ? ಡೊಮೈನ್ ಕ್ಲಾಸ್ (ವ್ಯವಹಾರದ ನಿಯಮ ಇರೋದು) ಬೇರೆ, ಜೆಪಿಎ ಎಂಟಿಟಿ (ಡೇಟಾಬೇಸ್ ಟೇಬಲ್‌ಗೆ ಹೊಂದಿಸಿದ ಕ್ಲಾಸ್) ಬೇರೆ ಮಾಡಬೇಕಾ?

ಉತ್ತರ 1:
ನಿಯಮ ಆರ್ಡರ್ ಒಳಗೇ ಇರಲಿ. ಸೆಟ್‌ಸ್ಟೇಟಸ್ ಕಿತ್ತುಹಾಕಿ, ಕ್ಯಾನ್ಸಲ್ ಅನ್ನೋ ಮೆಥಡ್ ಕೊಡಿ. ರವಾನೆ ಆಗಿದ್ದರೆ ಅದೇ ಎಕ್ಸೆಪ್ಶನ್ ಎಸೆಯಲಿ. ನಿಯಮ ತಪ್ಪಿಸಿಕೊಂಡ ಕೋಡ್ ಎಲ್ಲೆಲ್ಲಿದೆ ಅಂತ ಕಂಪೈಲರ್ರೇ ಹೇಳುತ್ತದೆ. ಹೈಬರ್ನೇಟ್‌ಗೆ (ಎಂಟಿಟಿಯನ್ನು ಡೇಟಾಬೇಸ್‌ನಲ್ಲಿ ಉಳಿಸುವ ಲೈಬ್ರರಿ) ಸೆಟರ್ ಬೇಕಾಗಿಲ್ಲ: ಐಡಿ ಅನೊಟೇಶನ್ ಫೀಲ್ಡ್ ಮೇಲಿದ್ದರೆ ಫೀಲ್ಡನ್ನೇ ಓದಿ ಬರೆಯುತ್ತದೆ, ಪ್ರೊಟೆಕ್ಟೆಡ್ ಖಾಲಿ ಕನ್‌ಸ್ಟ್ರಕ್ಟರ್ ಒಂದು ಸಾಕು.

ಸರ್ವೀಸ್ ಕೆಲಸ ಇಷ್ಟೇ: ಟ್ರಾನ್ಸಾಕ್ಷನ್ ತೆರೆಯೋದು, ಆರ್ಡರ್ ತರೋದು, ಕ್ಯಾನ್ಸಲ್ ಕರೆಯೋದು.

ವರ್ಷನ್ ಕಾಲಮ್ (ಸಾಲು ಬದಲಾದಾಗಲೆಲ್ಲ ಏರುವ ಸಂಖ್ಯೆ) ಮಾತ್ರ ಮರೀಬೇಡಿ. ರದ್ದು, ರವಾನೆ ಎರಡೂ ಒಟ್ಟಿಗೆ ಬಂದರೆ ಎರಡಕ್ಕೂ ಕಾಣೋದು ಹಳೇ ಸ್ಟೇಟಸ್ಸೇ, ಎರಡೂ ಪಾಸಾಗುತ್ತವೆ, ಕೊನೆಗೆ ಬರೆದದ್ದು ಉಳಿಯುತ್ತದೆ. ವರ್ಷನ್ ಇದ್ದರೆ ಎರಡನೆಯದು ಕಮಿಟ್‌ನಲ್ಲೇ ಬೀಳುತ್ತದೆ.

ಉತ್ತರ 2:
ಎರಡು ಕ್ಲಾಸ್ ಈಗಲೇ ಬೇಡ. ಪ್ರತಿ ಫೀಲ್ಡನ್ನೂ ಎರಡೂ ಕಡೆ ಮ್ಯಾಪ್ ಮಾಡಬೇಕು, ಡರ್ಟಿ ಚೆಕಿಂಗ್‌ನ (ಬದಲಾದದ್ದನ್ನು ಹೈಬರ್ನೇಟ್ ತಾನೇ ಗುರುತಿಸಿ ಉಳಿಸೋದು) ಲಾಭವೂ ಹೋಗುತ್ತದೆ. ಟೇಬಲ್‌ಗಳ ರಚನೆ ಹಳೆಯದಾಗಿ ಮಾಡೆಲ್‌ಗೆ ಹೊಂದದೇ ಇದ್ದಾಗ ಮಾತ್ರ ಆ ಶ್ರಮ ಸಾರ್ಥಕ.

ಆದರೆ ಎಂಟಿಟಿಯನ್ನೇ ಜೇಸನ್ ಮಾಡಿ ಕಳಿಸಬೇಡಿ. ಆರ್ಡರ್‌ನಿಂದ ಐಟಂ, ಐಟಂನಿಂದ ಮತ್ತೆ ಆರ್ಡರ್ ಅಂತ ಜಾಕ್ಸನ್ (ಜೇಸನ್ ತಯಾರಿಸುವ ಲೈಬ್ರರಿ) ಸುತ್ತುತ್ತಲೇ ಇರುತ್ತದೆ. ಅದನ್ನು ಅನೊಟೇಶನ್ ಹಾಕಿ ತಡೆದರೂ ಇನ್ನೊಂದಿದೆ: ಓಪನ್-ಇನ್-ವ್ಯೂ (ವಿನಂತಿ ಮುಗಿಯುವವರೆಗೂ ಹೈಬರ್ನೇಟ್ ಸೆಷನ್ ತೆರೆದಿಡುವ ಸೆಟ್ಟಿಂಗ್) ಡೀಫಾಲ್ಟ್ ಆಗಿ ಆನ್ ಇರೋದರಿಂದ, 50 ಆರ್ಡರ್‌ಗಳ ಪಟ್ಟಿಗೆ ಸದ್ದಿಲ್ಲದೆ 51 ಕ್ವೆರಿ ಓಡುತ್ತವೆ: ಪಟ್ಟಿಗೆ ಒಂದು, ಪ್ರತಿ ಆರ್ಡರ್‌ನ ಐಟಂಗಳಿಗೆ ಒಂದೊಂದು. ಓಪನ್-ಇನ್-ವ್ಯೂ ಫಾಲ್ಸ್ ಮಾಡಿ. ಆಗ ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ಡೇಟಾ ತರೋದು) ತಪ್ಪುಗಳು ಡೆವಲಪ್‌ಮೆಂಟ್‌ನಲ್ಲೇ ಎಕ್ಸೆಪ್ಶನ್ ಆಗಿ ಎದುರಾಗುತ್ತವೆ. ಪಟ್ಟಿ ತೋರಿಸುವ ಪುಟಕ್ಕೆ ಡೊಮೈನ್ ಮಾಡೆಲ್ಲೇ ಬೇಡ, ಕ್ವೆರಿಯಿಂದ ನೇರ ಡಿಟಿಒಗೆ (ಡೇಟಾ ಸಾಗಿಸಲಷ್ಟೇ ಇರುವ ಸರಳ ಕ್ಲಾಸ್) ತುಂಬಿಸಿ.

ಪ್ರಶ್ನೆ ಕೇಳಿದವರು:
ಪಾವತಿಯಾಗದ ಆರ್ಡರ್ ರದ್ದು ಮಾಡುವ ಇನ್ನೊಂದು ಜಾಬ್ ಇದೆ, ಒಂದೇ ಅಪ್‌ಡೇಟ್ ಕ್ವೆರಿ. ಅಲ್ಲಿ ಕ್ಯಾನ್ಸಲ್ ಮೆಥಡ್ ಕೆಲಸಕ್ಕೇ ಬರೋದಿಲ್ಲವಲ್ಲ?

ಉತ್ತರ 1:
ನಿಜ, ಬಲ್ಕ್ ಅಪ್‌ಡೇಟ್ ಮೆಥಡ್ಡನ್ನೂ ವರ್ಷನ್ ತಪಾಸಣೆಯನ್ನೂ ದಾಟಿ ಹೋಗುತ್ತದೆ. ಸಾಲುಗಳು ಕಡಿಮೆಯಿದ್ದರೆ ಒಂದೊಂದೇ ಲೋಡ್ ಮಾಡಿ ಕ್ಯಾನ್ಸಲ್ ಕರೆಯಿರಿ. ಬಲ್ಕ್ ಬೇಕೇ ಬೇಕು ಅಂದರೆ ಸ್ಟೇಟಸ್ ಷರತ್ತನ್ನು ಕ್ವೆರಿಯ ವೇರ್ (where) ಭಾಗದಲ್ಲಿ ಹಾಕಿ, ವರ್ಷನ್‌ಗೆ 1 ಕೂಡಿಸಿ, ಕ್ವೆರಿ ಮುಗಿದ ಮೇಲೆ ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್ (ಲೋಡ್ ಆದ ಎಂಟಿಟಿಗಳನ್ನು ಹೈಬರ್ನೇಟ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕ್ಲಿಯರ್ ಮಾಡಿ. ಇಲ್ಲವಾದರೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಮೊದಲೇ ಲೋಡ್ ಆಗಿದ್ದ ಆರ್ಡರ್ ಹಳೇ ಸ್ಟೇಟಸ್ಸನ್ನೇ ತೋರಿಸುತ್ತದೆ.