ತಾತನ ಜೋಡು ನಳಿಗೆ ಕೋವಿ: ನಳಿಗೆ ಬದಲಿಸಿದವರು ಅನುಭವ ಹೇಳಿ

ಸೋಮವಾರಪೇಟೆಯವ: ತಾತನ ಕಾಲದ ಬೆಲ್ಜಿಯಂ ಕೋವಿ, 12 ಬೋರ್. ಬಲ ನಳಿಗೆಯ ಒಳಗೆ, ತುದಿಯಿಂದ ಒಂದು ಗೇಣು ಹಿಂದೆ, ತುಕ್ಕು ತಿಂದ ಗುಳಿಗಳಿವೆ. ಎಡದ್ದು ಚೆನ್ನಾಗಿದೆ. ಬೇರೊಂದು ಹಳೆಯ ಕೋವಿಯ ನಳಿಗೆ ಜೋಡಿ ಇದೆ, ಕೂರಿಸಿಕೊಡುತ್ತೇವೆ ಎಂದು ಪರವಾನಗಿ ಇರುವ ಅಂಗಡಿಯವರು ಹೇಳುತ್ತಿದ್ದಾರೆ. ಮಾಡಿಸಿದವರು ಇದ್ದೀರಾ? ಎಷ್ಟು ಖರ್ಚಾಯಿತು?

ಪೊನ್ನಂಪೇಟೆ ಕಾಫಿ: ನಾನು ಮಾಡಿಸಿದ್ದೇನೆ, ಇಂದಿಗೂ ಹೆಮ್ಮೆಯಿದೆ. ಲೆಕ್ಕ ಕೇಳಿ. ನಳಿಗೆ ಜೋಡಿ 28,000. ಕೂರಿಸಿದ ಕೂಲಿ 14,000. ಕಪ್ಪು ಬಣ್ಣ ಹಾಕಿಸಲು 4,500. ಮುಂಭಾಗದ ಮರ ಹೊಸ ನಳಿಗೆಗೆ ಹೊಂದಲಿಲ್ಲ, ಅದಕ್ಕೆ ಮತ್ತೆ 6,000. ಒಟ್ಟು 52,500. ಊರಿನವರು ಹುಚ್ಚು ಎಂದರು, ಎನ್ನಲಿ. ನಮ್ಮ ಮೇಸ್ತ್ರಿ ಸೀಮೆಎಣ್ಣೆ ಬುಡ್ಡಿಯ ಮಸಿಯನ್ನು ನಳಿಗೆಯ ಹಿಂಬದಿಗೆ ಹಿಡಿಸಿ, ಕೋವಿ ಮುಚ್ಚಿ ತೆರೆದು ನೋಡುತ್ತಿದ್ದರು. ಮಸಿ ಒತ್ತಿದ ಕಡೆ ಮಾತ್ರ ನುಣುಪು ಅರದಿಂದ ಒಂದೆರಡು ಎಳೆತ. ಮತ್ತೆ ಮಸಿ, ಮತ್ತೆ ಮುಚ್ಚು. ಎರಡೂ ಕಡೆ ಸಮನಾಗಿ ಮಸಿ ಅಂಟುವ ತನಕ ಅವರು ಎದ್ದು ಊಟಕ್ಕೂ ಹೋಗಲಿಲ್ಲ. ಒಂದು ಎಳೆ ಹೆಚ್ಚು ಉಜ್ಜಿದರೆ ನಳಿಗೆ ಮತ್ತು ಬಾಡಿಯ ನಡುವೆ ಸಂದು ಬೀಳುತ್ತದೆ, ಆಮೇಲೆ ಆ ಕೋವಿ ಗೋಡೆಗೆ ತೂಗುಹಾಕಲು ಮಾತ್ರ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಪೂಜೆಗಿಟ್ಟಾಗ ಮನೆಯ ಹಿರಿಯರು ಮುಟ್ಟಿ ಮುಟ್ಟಿ ನೋಡಿದರು.

ತೀರ್ಥಹಳ್ಳಿ ಅಡಿಕೆ: ಕೂರಿಸುವುದು ಸುಲಭ ಸ್ವಾಮಿ, ಕಾಗದ ಕೂರಿಸುವುದು ಕಷ್ಟ. ನನ್ನದು ಬೆಳೆ ರಕ್ಷಣೆ ಪರವಾನಗಿ. ಪುಸ್ತಕದಲ್ಲಿ ಬರೆದಿದ್ದು ಹಳೆಯ ನಳಿಗೆಯ ಮೇಲಿದ್ದ ಸಂಖ್ಯೆ. ಹೊಸದರ ಮೇಲೆ ಬೇರೆ ಸಂಖ್ಯೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಇದು ಬೇರೆ ಕೋವಿ" ಎಂದುಬಿಟ್ಟರು. ಆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚುನಾವಣೆ ಬಂತು, ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಯಿತು. ವಾಪಸ್ ಬರುವಾಗ ಮುಂಗಾರು ಶುರುವಾಗಿತ್ತು. 30,000 ಕೊಟ್ಟು ಹಾಕಿಸಿದ ನಳಿಗೆಯ ಮೇಲೆ ಕೆಂಪು ತುಕ್ಕು, ಒಳಗೆ ಜೇಡನ ಬಲೆ. ಅಷ್ಟರಲ್ಲಿ ಮಂಗಗಳು ತೋಟದಲ್ಲಿ ಎಳನೀರು ಮುಗಿಸಿದ್ದವು. ಕೊಡಗಿನವರಿಗೆ ಇದು ಯಾವುದೂ ಗೊತ್ತಿಲ್ಲ, ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ಆರಾಮ.

ಪೊನ್ನಂಪೇಟೆ ಕಾಫಿ: ಆರಾಮವಂತೆ! ವಿನಾಯಿತಿ ನಿನ್ನೆ ಬಂದದ್ದಲ್ಲ, 1861ರಿಂದ ಇದೆ. ಕೊಡವರಿಗೂ ಇದೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇದೆ. 2029ರ ವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಸರಿ ಎಂದೂ ಹೇಳಿದೆ. ನಮಗೂ ಕಾಗದ ಇದೆ, ತಿಳಿದುಕೊಂಡು ಬರೆಯಿರಿ.

ತೀರ್ಥಹಳ್ಳಿ ಅಡಿಕೆ: ಕೋರ್ಟ್ ಹೇಳಿದ್ದನ್ನು ಒಪ್ಪಿದೆ. ನಮ್ಮ ತೋಟದ ಹಂದಿಗೆ ಜಮ್ಮಾ ಎಂದರೇನು ಎಂದು ಯಾರು ಹೇಳಬೇಕು?

ನಿವೃತ್ತ ಸುಬೇದಾರ್, ಹಾಸನ: ಜಗಳ ನಿಲ್ಲಿಸಿ. ಮೊದಲು ನಳಿಗೆಯನ್ನು ಬಿಸಿಲಿಗೆ ಹಿಡಿದು ಮೈ ನೋಡಿ. ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದದ್ದು. ಕರಿಮದ್ದಿನ ಕಾಲದ್ದು. ಅಡಿಯಲ್ಲಿ ಅಂಡಾಕಾರದೊಳಗೆ ಇ.ಎಲ್.ಜಿ. ಎಂಬ, ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾ ಮುದ್ರೆ ಇದ್ದ ಮಾತ್ರಕ್ಕೆ ಇಂದಿನ ಹೊಗೆರಹಿತ ಮದ್ದು ತಡೆಯುತ್ತದೆ ಎಂದಲ್ಲ. ಇನ್ನೊಂದು ವಿಷಯ: ಹಳೆಯವುಗಳಲ್ಲಿ ತೋಟಾ ಕೂರುವ ಕೋಣೆ ಬಹುಪಾಲು 65 ಮಿಲಿಮೀಟರ್‌ನದು. ಇಂದಿನ 70 ಮಿಲಿಮೀಟರ್ ತೋಟಾ ಸಲೀಸಾಗಿ ಒಳಗೆ ಕೂರುತ್ತದೆ. ಮೋಸ ಇರುವುದೇ ಅಲ್ಲಿ. ಹಾರಿಸಿದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಗುಳಿ ಬಿದ್ದ ನಳಿಗೆ ತೆಗೆದು ಹೆಸರು ಗೊತ್ತಿಲ್ಲದ ಇನ್ನೊಂದು ಮುದಿ ನಳಿಗೆ ಹಾಕಿಸುವುದು ನನ್ನ ಬುದ್ಧಿಗೆ ಹತ್ತದು. ನಾನು ಭಾರತದಲ್ಲೇ ತಯಾರಾದ ಹೊಸ 12 ಬೋರ್ ತೆಗೆದುಕೊಂಡೆ. ಒರಟು, ಭಾರ, ಟ್ರಿಗರ್ ಗಟ್ಟಿ. ಆದರೆ ಬೆರಳು ಹತ್ತೂ ಉಳಿದಿವೆ.

ಪೊನ್ನಂಪೇಟೆ ಕಾಫಿ: ಸುಬೇದಾರರೇ, ನಮ್ಮ ಜೋಡಿ ಬರ್ಮಿಂಗ್‌ಹ್ಯಾಮ್‌ನ ನೈಟ್ರೋ ಮುದ್ರೆಯದು, ಅಂದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು. ಬೆರಳಿನಲ್ಲಿ ನೇತುಹಾಕಿ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಎರಡು ನಳಿಗೆಯನ್ನು ಸೇರಿಸುವ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಬೊದ್ದು ಶಬ್ದ ಬರುತ್ತಿತ್ತು. ನೋಡದೆ ಕೊಂಡವರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಬೆಂಗಳೂರು ವೆಬ್ಲಿ: ಕೋವಿಯವರು ಪುಣ್ಯವಂತರು. ನನ್ನ ಮಾವನಿಂದ ಬಂದ .32 ವೆಬ್ಲಿ ರಿವಾಲ್ವರ್‌ನ ಕಥೆ ಕೇಳಿ. ಅದರಲ್ಲಿ ನಳಿಗೆಯನ್ನು ತಿರುಪಿ ಬಿಚ್ಚಲು ಬರುವುದಿಲ್ಲ. ನಳಿಗೆ, ಮೇಲಿನ ಪಟ್ಟಿ ಎಲ್ಲ ಒಂದೇ ತುಂಡು, ಮುಂದಿನ ಕೀಲಿನಲ್ಲಿ ಮಡಚುತ್ತದೆ. ಕಾನ್ಪುರದ .32 ರಿವಾಲ್ವರ್ ಕೂಡ ವೆಬ್ಲಿ ಮನೆತನದ್ದೇ ಅಲ್ಲವೇ, ಅದರ ಭಾಗ ಕೂರುತ್ತದೆ ಎಂದು ಅಂಗಡಿಯವರೇ ಭರವಸೆ ಕೊಟ್ಟರು. ಮುಂಗಡ 20,000. ಕೀಲಿನ ತೂತು ಹೊಂದಲಿಲ್ಲ, ಉಜ್ಜಿ ಹೊಂದಿಸಿದರು. ಈಗ ತಿರುಗುವ ಸಿಲಿಂಡರ್‌ಗೂ ನಳಿಗೆಗೂ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿದೆ, ಹಾರಿಸಿದರೆ ಪಕ್ಕಕ್ಕೆ ಸೀಸದ ಚೂರು ಸಿಡಿಯುತ್ತದೆ. ಮುಂಗಡ ಕೇಳಿದರೆ "ಕೂಲಿಗೆ ಸರಿಹೋಯಿತು" ಎನ್ನುತ್ತಾರೆ. ಇಷ್ಟಾಗಿಯೂ ಮಾರಲು ಮನಸ್ಸಿಲ್ಲ, ಕಾನ್ಪುರದ್ದೇ ಹಗುರ ರಿವಾಲ್ವರ್ ನಿರ್ಭೀಕ್ ತೆಗೆದುಕೊಳ್ಳಲೂ ಮನಸ್ಸಿಲ್ಲ.

ತೀರ್ಥಹಳ್ಳಿ ಅಡಿಕೆ: ರಿವಾಲ್ವರ್ ಯಾರು ಕೇಳಿದರು? ಬೆಂಗಳೂರಿನಲ್ಲಿ ಯಾವ ಬೆಳೆ ಕಾಯುತ್ತೀರಿ?

ಬೆಂಗಳೂರು ವೆಬ್ಲಿ: ಪ್ರಾಣ ಕಾಯುತ್ತೇನೆ. ಪರವಾನಗಿಯಲ್ಲಿ ಹಾಗೆಯೇ ಬರೆದಿದೆ.

ಸೋಮವಾರಪೇಟೆಯವ: ಹಿರಿಯರೇ, ನನ್ನ ಎಡ ನಳಿಗೆ ಚೆನ್ನಾಗಿದೆ ಎಂದು ಹೇಳಿದ್ದೆ. ಗುಳಿ ಇರುವುದು ತುದಿಯ ಹತ್ತಿರ. ಅಷ್ಟನ್ನು ಕತ್ತರಿಸಿ ತೆಗೆಸಬಹುದೇ?

ನಿವೃತ್ತ ಸುಬೇದಾರ್, ಹಾಸನ: ಮುಟ್ಟಲೇ ಬೇಡಿ! ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನಡಿ ಅಪರಾಧ. ಅಲ್ಲದೆ ಬಾಯಿ ಬಿಗಿಯಾಗಿರುವುದು ತುದಿಯಲ್ಲೇ. ಅದನ್ನು ಕತ್ತರಿಸಿದರೆ ಚರೆ ಗದ್ದೆ ತುಂಬ ಚದುರುತ್ತದೆ.

ಪೊನ್ನಂಪೇಟೆ ಕಾಫಿ: ಗುಳಿ ಬಿದ್ದದ್ದೇ ಏಕೆ ಎಂದು ಯಾರೂ ಕೇಳುತ್ತಿಲ್ಲ. ತೆಂಗಿನೆಣ್ಣೆ ಹಾಕಿ ಇಟ್ಟಿರುತ್ತಾರೆ.

ತೀರ್ಥಹಳ್ಳಿ ಅಡಿಕೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ತೆಂಗಿನೆಣ್ಣೆಯೇ. ಠಾಣೆಗೆ ಹೋಗುವ ತನಕ ಒಂದು ಚುಕ್ಕೆ ತುಕ್ಕು ಇರಲಿಲ್ಲ.

ಪೊನ್ನಂಪೇಟೆ ಕಾಫಿ: ಅಂಟುಗಟ್ಟಿ ತೇವ ಹಿಡಿಯುತ್ತದೆ ಸ್ವಾಮಿ. ಹೊಲಿಗೆ ಯಂತ್ರದ ಎಣ್ಣೆ ಹಾಕಿ.

ತೀರ್ಥಹಳ್ಳಿ ಅಡಿಕೆ: 52,500 ಸುರಿದವರಿಂದ ಎಣ್ಣೆಯ ಉಳಿತಾಯದ ಪಾಠ ಬೇಡ.