ಸಹಾಯ ಬೇಕು: ಕೆನಡಾದ ಬ್ರೆಡ್ ಸೆಟಲ್‌ಮೆಂಟ್‌ಗೆ ಕ್ಲೇಮ್ ಹಾಕಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಮಿಸಿಸಾಗಾದಲ್ಲಿದ್ದೇವೆ. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬ್ರೆಡ್ ಬೆಲೆ ಏರಿಸಿದ ಕೇಸು ಗೊತ್ತಲ್ವಾ? ಇಲ್ಲಿನ ದೊಡ್ಡ ದಿನಸಿ ಅಂಗಡಿ ಕಂಪನಿ ಲಾಬ್ಲಾ ಮತ್ತು ಅದರ ಮಾತೃಸಂಸ್ಥೆ ಜಾರ್ಜ್ ವೆಸ್ಟನ್ 50 ಕೋಟಿ ಡಾಲರ್‌ಗೆ ರಾಜಿಯಾಗಿವೆ. ಅದರ ಫಾರ್ಮ್ ತುಂಬುತ್ತಿದ್ದೇನೆ. 2025ರ ಡಿಸೆಂಬರ್ 12 ಕೊನೆ ದಿನ.

ನನ್ನದು ಸುಲಭ. 2001ರಿಂದ 2021ರ ಕೊನೆಯೊಳಗೆ ಇಲ್ಲಿ ಪ್ಯಾಕೆಟ್ ಬ್ರೆಡ್ ಕೊಂಡಿದ್ದರೆ ಸಾಕು, ರಸೀದಿ ಬೇಡ. ಕೇಳಿದ್ದರೂ ಎಲ್ಲಿಂದ ತರೋದು? ನಮ್ಮನೇಲಿ ವಾರಕ್ಕೆ ಎರಡು ಪ್ಯಾಕೆಟ್ ಖಾಲಿಯಾಗುತ್ತಿತ್ತು. ಮಕ್ಕಳು ಬಿಟ್ಟ ಅಂಚಿಗೆಲ್ಲ ಅತ್ತೆ ಸಾಸಿವೆ, ಈರುಳ್ಳಿ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡುತ್ತಿದ್ದರು. ಪ್ಯಾಕೆಟ್ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಇನ್ನೂ ಒಂದು ಡಬ್ಬಿ ತುಂಬ ಇವೆ. ಅದನ್ನೇ ಸಾಕ್ಷಿ ಅಂತ ಕೊಡಬಹುದೇನೋ!

ಗೊಂದಲ ಅತ್ತೆ-ಮಾವನದು. ಇಬ್ಬರಿಗೂ ಪಿಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಇತ್ತು. 2021ರ ಡಿಸೆಂಬರ್ 31ರಂದು ಇಲ್ಲೇ ವಾಸವಾಗಿದ್ದರು, ಹಾಗಾಗಿ ಅರ್ಹರು ಅಂದುಕೊಂಡಿದ್ದೇನೆ. ಆದರೆ 2023ರಲ್ಲಿ ಮೈಸೂರಿಗೆ ವಾಪಸ್ ಹೋದರು, ಇಲ್ಲಿನ ಬ್ಯಾಂಕ್ ಖಾತೆಯನ್ನೂ ಮುಚ್ಚಿದರು. ಅವರ ಫಾರ್ಮ್‌ಗೆ ನಮ್ಮ ವಿಳಾಸ ಕೊಡಬಹುದಾ? ದುಡ್ಡು ಹೇಗೆ ತಗೋಬೇಕು? ಹೀಗೆ ಊರಿಗೆ ಹೋದ ಹಿರಿಯರ ಪರವಾಗಿ ಹಾಕಿದವರು ದಯವಿಟ್ಟು ತಿಳಿಸಿ.

ಇದೇ ಬ್ರೆಡ್ ವಿಷಯಕ್ಕೆ ಲಾಬ್ಲಾ ಕೊಟ್ಟ 25 ಡಾಲರ್ ಗಿಫ್ಟ್ ಕಾರ್ಡನ್ನು ನಮ್ಮ ಯಜಮಾನರು 2018ರಲ್ಲೇ ತಗೊಂಡಿದ್ದರು. ಅಂಥವರಿಗೆ ಮಿಕ್ಕವರ ಪಾಲು ಕೊಟ್ಟು ಉಳಿದರೆ ಮಾತ್ರವಂತೆ. ಅವರದ್ದೂ ಸುಮ್ನೆ ಹಾಕಿಬಿಡಲಾ?

ಹಾಂ, ವಾಟ್ಸಾಪ್‌ನಲ್ಲಿ ಬಂದ ಒಂದು ಲಿಂಕ್ ಸಿನ್ ನಂಬರ್ (ಕೆಲಸ, ತೆರಿಗೆಗೆ ಸರ್ಕಾರ ಕೊಡುವ ಗುಟ್ಟಿನ ಗುರುತು ಸಂಖ್ಯೆ) ಕೇಳಿತು. ತಕ್ಷಣ ಮುಚ್ಚಿದೆ. ನಿಮಗೂ ಬಂದರೆ ಒತ್ತಬೇಡಿ.