2011ರ ಸ್ಯಾಂಟ್ರೊ ಕಾರಿಗೆ ಕ್ರೂಸ್ ಕಂಟ್ರೋಲ್ ಕೂರಿಸಬಹುದೇ?

ಶಿರಾ ದಾರಿ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಸ್ಯಾಂಟ್ರೊ ಜಿಂಗ್, ಪೆಟ್ರೋಲ್ ಗಾಡಿ. 1.1 ಲೀಟರ್ ಎಂಜಿನ್, ಐದು ಗೇರು. ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಯಾವುದೂ ಇಲ್ಲ. ಮೊದಲ ದಿನದಿಂದ ನಾನೊಬ್ಬನೇ ಓಡಿಸಿಕೊಂಡು ಬಂದಿದ್ದೇನೆ. ಈವರೆಗೆ 1,12,000 ಕಿಲೋಮೀಟರ್ ಓಡಿದ್ದರೂ ಎಂಜಿನ್ ಚೆನ್ನಾಗಿಯೇ ಇರುವುದರಿಂದ ಮಾರುವ ಯೋಚನೆ ಇಲ್ಲ.

ತಾಯಿ ದಾವಣಗೆರೆಯಲ್ಲಿದ್ದಾರೆ. ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಹೋಗಿಬರುತ್ತೇನೆ, ಒಂದು ಕಡೆಗೆ ಸುಮಾರು 260 ಕಿಲೋಮೀಟರ್. ತುಮಕೂರು ದಾಟಿ ಶಿರಾ ಸಮೀಪಿಸುವ ಹೊತ್ತಿಗೆ ಬಲಗಾಲಿನ ಮಂಡಿಯೂ ಪಾದದ ಕೀಲೂ ನೋಯತೊಡಗುತ್ತವೆ; ಹಿರಿಯೂರಿನಲ್ಲಿ ಇಳಿದು ಹತ್ತು ನಿಮಿಷ ನಡೆದಾಡದೆ ಮುಂದೆ ಹೋಗಲು ಆಗುವುದಿಲ್ಲ. ಎರಡನೆಯ ತೊಂದರೆ ವೇಗದ್ದು. ಶಿರಾದಿಂದ ಆಚೆಗಿನ ನೇರ ರಸ್ತೆಯಲ್ಲಿ 80ರಲ್ಲಿ ಹೋಗುತ್ತಿದ್ದೇನೆಂದುಕೊಂಡು ಮುಳ್ಳು ನೋಡಿದರೆ ಅದು 95 ದಾಟಿರುತ್ತದೆ.

ಪೆಡಲ್ ಒತ್ತದೆಯೇ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಿಸೋಣವೆಂದು ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿದೆ. ಒಬ್ಬರು ಈ ಗಾಡಿಗೆ ಸಾಧ್ಯವೇ ಇಲ್ಲವೆಂದರು. ಇನ್ನೊಬ್ಬರು ಎಕ್ಸಲರೇಟರ್ ಪೆಡಲನ್ನು ಬೇಕಾದಷ್ಟಕ್ಕೆ ಒತ್ತಿಹಿಡಿಯುವ ಒಂದು ಸರಳನ್ನು ಮಾಡಿಸಿಕೊಡುವುದಾಗಿ ಹೇಳಿದರು. ಇಂಥ ಹಳೆಯ, ಅಗ್ಗದ ಗಾಡಿಗೆ ಸರಿಯಾದ ಮಾರ್ಗವೇನಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆ ವೈರಿಂಗ್ ಅವರ ಉತ್ತರ:

ಆ ಸರಳಿನ ಮಾತನ್ನು ಮೊದಲು ಮುಗಿಸುತ್ತೇನೆ ಸರ್. ದಯವಿಟ್ಟು ಅದನ್ನು ಹಾಕಿಸಬೇಡಿ. ಸರಳು ಹಿಡಿದಿಡುವುದು ಪೆಡಲನ್ನೇ ಹೊರತು ವೇಗವನ್ನಲ್ಲ. ಏರಿನಲ್ಲಿ ಗಾಡಿ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ನೀವು ಗಾಬರಿಯಲ್ಲಿ ಬ್ರೇಕ್ ತುಳಿದಾಗ ಎಂಜಿನ್ ಇನ್ನೂ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ನಾನು ಮೂವತ್ತು ವರ್ಷ ವಾಹನಗಳ ವೈರಿಂಗ್ ಕೆಲಸ ಮಾಡಿದವನು. ಕ್ರೂಸ್ ಕಂಟ್ರೋಲಿನಲ್ಲಿ ವೇಗವನ್ನು ಹಿಡಿಯುವ ಭಾಗ ಸುಲಭದ್ದು. ಹಿಡಿದದ್ದನ್ನು ತಪ್ಪದೆ ಬಿಡುವ ಭಾಗಕ್ಕೇ ನಾವು ದುಡ್ಡು ಕೊಡುವುದು.

ಸಾಧ್ಯವಿಲ್ಲವೆಂದ ಮೆಕ್ಯಾನಿಕ್ ಹೇಳಿದ್ದೂ ಪೂರ್ತಿ ಸರಿಯಲ್ಲ. ಈಗಿನ ಕಾರುಗಳಲ್ಲಿ ಪೆಡಲ್ ಒಂದು ಸೆನ್ಸರ್ ಮಾತ್ರ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ಅಂದರೆ ಥ್ರಾಟಲನ್ನು, ತೆರೆಯುವುದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೇಳಿದಂತೆ ಕೇಳುವ ಒಂದು ಮೋಟಾರ್. ಅಂಥವಕ್ಕೆ ಪೆಡಲಿನ ಸಾಕೆಟ್ಟಿಗೂ ಇಸಿಯುವಿಗೂ ನಡುವೆ ಸೇರಿಸುವ ಪೆಟ್ಟಿಗೆಗಳು ಸಿಗುತ್ತವೆ. ನಿಮ್ಮ ಗಾಡಿಯಲ್ಲಿ ಪೆಡಲಿನಿಂದ ಆ ಬಾಗಿಲಿರುವ ಥ್ರಾಟಲ್ ಬಾಡಿಯವರೆಗೆ ಉಕ್ಕಿನ ಕೇಬಲ್ ಇದೆ. ಬಾನೆಟ್ ಎತ್ತಿ, ಒಬ್ಬರು ಪೆಡಲ್ ಒತ್ತಿದರೆ ಕೇಬಲ್ ಎಳೆದು ಚಕ್ರವೊಂದು ತಿರುಗುವುದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ಆ ಹೊಸ ಪೆಟ್ಟಿಗೆಗಳನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅವು ನಿಮ್ಮ ಗಾಡಿಗೆ ಹೊಂದುವುದಿಲ್ಲ.

ಕೇಬಲ್ ಗಾಡಿಗೆ ಬೇಕಾದದ್ದು ಕೇಬಲ್ಲನ್ನು ಎಳೆಯುವ ಸರ್ವೋ. ಅಮೆರಿಕದಲ್ಲಿ ದಶಕಗಳ ಕಾಲ ಕಾರುಗಳಿಗೆ ಹಾಕಿದ್ದು ಇದನ್ನೇ. 1950ರಲ್ಲಿ ಕ್ರೂಸ್ ಕಂಟ್ರೋಲಿನ ಪೇಟೆಂಟ್ ಪಡೆದ ರಾಲ್ಫ್ ಟೀಟರ್ ಐದನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಎಂಜಿನಿಯರ್. ಪಕ್ಕದಲ್ಲಿ ಕೂತವನಿಗೆ ವೇಗದ ಏರಿಳಿತ ಎಷ್ಟು ಹಿಂಸೆಯೆಂಬುದು ಓಡಿಸುವವರಿಗಿಂತ ಅವರಿಗೇ ಚೆನ್ನಾಗಿ ತಿಳಿದಿತ್ತು. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು.

ಸರ್ವೋದಲ್ಲಿ ಎರಡು ಬಗೆ. ಒಂದು ಎಂಜಿನ್ ಗಾಳಿ ಹೀರುವಾಗ ಆಗುವ ವ್ಯಾಕ್ಯೂಮಿನಿಂದ (ನಿರ್ವಾತದಿಂದ) ಎಳೆಯುತ್ತದೆ, ಇನ್ನೊಂದು ವಿದ್ಯುತ್ ಮೋಟಾರಿನಿಂದ. ನಿಮ್ಮಂಥ ಸಣ್ಣ ಎಂಜಿನ್ನಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಏರು ಹತ್ತುವಾಗ ಥ್ರಾಟಲ್ ಹೆಚ್ಚು ತೆರೆಯುತ್ತದೆ, ತೆರೆದಷ್ಟೂ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಅಂದರೆ ಎಳೆತ ಹೆಚ್ಚು ಬೇಕಾದ ಗಳಿಗೆಯಲ್ಲೇ ಎಳೆಯುವ ಬಲ ಕುಗ್ಗುತ್ತದೆ. ಒಂದು ಡಬ್ಬಿಯಲ್ಲಿ ವ್ಯಾಕ್ಯೂಮನ್ನು ಕೂಡಿಟ್ಟು ಇದನ್ನು ಸರಿದೂಗಿಸಬಹುದಾದರೂ, ಬ್ರೇಕ್ ತುಳಿತಕ್ಕೆ ಬಲ ಸೇರಿಸುವ ಬೂಸ್ಟರ್ ನಡೆಯುವುದೂ ಅದೇ ವ್ಯಾಕ್ಯೂಮಿನಿಂದ. ಅಲ್ಲಿ ಒಂದು ಪೈಪು ಸೋರಿದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಆ ಕೊಳವೆಗೆ ಯಾರೂ ಕೈ ಹಾಕದಿರುವುದು ಮೇಲು.

ಇನ್ನು ಬಿಡುವ ಭಾಗ. ವೇಗದ ಸಂಕೇತವನ್ನು ಸ್ಪೀಡೋಮೀಟರಿಗೆ ಬರುವ ತಂತಿಯಿಂದಲೋ, ಆಕ್ಸಲಿಗೆ ಅಯಸ್ಕಾಂತ ಕಟ್ಟಿಯೋ ಪಡೆಯುತ್ತಾರೆ, ಅದರಲ್ಲಿ ಹೆಚ್ಚು ಕಷ್ಟವಿಲ್ಲ. ಆದರೆ ಬ್ರೇಕಿನ ಸಂಪರ್ಕ ಎರಡು ಕಡೆಯಿಂದ ಇರಲೇಬೇಕು: ಪೆಡಲ್ ಮುಟ್ಟಿದೊಡನೆ ಸರ್ವೋವನ್ನು ನಡೆಸುವ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವುದೊಂದು, ಪೆಟ್ಟಿಗೆಯೇ ಕೆಟ್ಟು ಕೂತಿದ್ದರೂ ಸರ್ವೋದ ಹಿಡಿತವನ್ನು ನೇರವಾಗಿ ತಪ್ಪಿಸುವುದು ಇನ್ನೊಂದು. ಕ್ಲಚ್ಚಿಗೂ ಸ್ವಿಚ್ ಬೇಕು, ಇಲ್ಲದಿದ್ದರೆ ಕ್ರೂಸ್ ನಡೆಯುತ್ತಿರುವಾಗ ಕ್ಲಚ್ ಒತ್ತಿದೊಡನೆ ಎಂಜಿನ್ ಕಿರಿಚಿಕೊಳ್ಳುತ್ತದೆ. ಹಿಂದಿನ ಬ್ರೇಕ್ ದೀಪಗಳಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೀರಾ ಎಂಬುದನ್ನೂ ನೋಡಿ. ಎಷ್ಟೋ ಪೆಟ್ಟಿಗೆಗಳು ಮಾಮೂಲು ಬಲ್ಬಿನ ತಂತುವಿನ ಮೂಲಕವೇ ಅರ್ಥಿಂಗ್ ಪಡೆದು ಬ್ರೇಕ್ ಒತ್ತಿಲ್ಲವೆಂದು ತಿಳಿಯುತ್ತವೆ. ಎಲ್‌ಇಡಿ ಇದ್ದರೆ ಅಥವಾ ಬಲ್ಬುಗಳು ಸುಟ್ಟಿದ್ದರೆ ಕ್ರೂಸ್ ಹಿಡಿಯುವುದೇ ಇಲ್ಲ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಎಂಜಿನ್ ನಿಲ್ಲಿಸಿ, ಥ್ರಾಟಲಿನ ಚಕ್ರವನ್ನು ಕೈಯಿಂದ ಪೂರ್ತಿ ತಿರುಗಿಸಿ ಬಿಡಿ. ಅದು ತಟ್ಟನೆ ಹಿಂದಕ್ಕೆ ಬಂದು ಕೂರಬೇಕು. ಆಮೇಲೆ ಪೆಡಲಿನಿಂದಲೂ ಹಾಗೆಯೇ ಮಾಡಿ. ಎರಡರಲ್ಲಿ ಒಂದಾದರೂ ತಡೆದು ತಡೆದು ಬಂದರೆ ಆ ಗಾಡಿಗೆ ಸರ್ವೋ ಕಟ್ಟುವ ಮಾತೇ ಬೇಡ.

ಎಡಗೈ ಸ್ವಿಚ್ ಅವರ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಹೋಲಿಕೆಯಾಗಿ ನನ್ನ ಅನುಭವವನ್ನು ತಿಳಿಸುತ್ತೇನೆ. ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೊ. ಕಂಪನಿಯಿಂದ ಬಂದಾಗ ಕ್ರೂಸ್ ಇರಲಿಲ್ಲ. ಆದರೆ ಎಲೆಕ್ಟ್ರಾನಿಕ್ ಥ್ರಾಟಲ್, ಕ್ಲಚ್ ಸ್ವಿಚ್, ಬ್ರೇಕ್ ಸ್ವಿಚ್ ಎಲ್ಲವೂ ಮೊದಲೇ ಇದ್ದುದರಿಂದ, ಎಡಗಡೆಯ ಇಂಡಿಕೇಟರ್ ಕಡ್ಡಿಯನ್ನು ಕ್ರೂಸ್ ಬಟನ್ ಇರುವ ಕಡ್ಡಿಗೆ ಬದಲಿಸಿ, ಕಂಪ್ಯೂಟರ್ ಜೋಡಿಸಿ ಇಸಿಯುವಿನಲ್ಲಿ ಆ ಸೌಲಭ್ಯವನ್ನು ತೆರೆದರೆ ಸಾಕಾಯಿತು. ಸ್ಟೀರಿಂಗ್ ಬಿಚ್ಚಬೇಕಾದ್ದರಿಂದ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಏರ್‌ಬ್ಯಾಗ್ ಕೆಲಸ ಬಲ್ಲವರಿಂದಲೇ ಮಾಡಿಸಿದೆ. ಹೊಸ ತಂತಿ ಎಳೆಯಲಿಲ್ಲ, ಯಾವುದನ್ನೂ ಕತ್ತರಿಸಲಿಲ್ಲ.

ಸ್ಯಾಂಟ್ರೊದಲ್ಲಿ ಪ್ರತಿಯೊಂದನ್ನೂ ಹೊರಗಿನಿಂದ ತಂದು ಸೇರಿಸಬೇಕು. ಆ ಖರ್ಚನ್ನು ಕೂಡಿಟ್ಟು ಮುಂದಿನ ಗಾಡಿಯನ್ನು ಇಂಥದ್ದೇ ನೋಡಿ ಕೊಳ್ಳುವುದು ಒಳ್ಳೆಯದೆಂದು ನನ್ನ ಅನಿಸಿಕೆ.

ಚಿತ್ರದುರ್ಗದ ಓದುಗಿ ಅವರ ಉತ್ತರ:

ನಾನೂ ಅದೇ ರಸ್ತೆಯಲ್ಲಿ ವಾರಕ್ಕೊಮ್ಮೆ ಓಡಾಡುತ್ತೇನೆ. ನನ್ನ ಕಾರಿನಲ್ಲಿ ಕಂಪನಿಯೇ ಕೊಟ್ಟ ಕ್ರೂಸ್ ಇದ್ದರೂ ಹಿರಿಯೂರಿನಿಂದ ಈಚೆಗೆ ಬಳಸುವುದು ಕಡಿಮೆ. ಎದುರುಗಡೆಯಿಂದ ಬರುವ ಟ್ರ್ಯಾಕ್ಟರ್, ಡಿವೈಡರಿನ ಸಂದಿಯಿಂದ ತಟ್ಟನೆ ನುಗ್ಗುವ ಬೈಕು, ದಾಟಲು ನಿಂತ ಕುರಿಮಂದೆ, ಇವೆಲ್ಲ ಈ ರಸ್ತೆಯಲ್ಲಿ ಇದ್ದದ್ದೇ. ಪಾದ ಪೆಡಲಿನಿಂದ ದೂರವಿದ್ದರೆ ಬ್ರೇಕಿಗೆ ಬರುವುದು ಒಂದು ಕ್ಷಣ ತಡವಾಗುತ್ತದೆ, ಎಬಿಎಸ್ ಇಲ್ಲದ ಗಾಡಿಯಲ್ಲಿ ಆ ಕ್ಷಣದ ಬೆಲೆ ಹೆಚ್ಚು. ಮಳೆ ಬಿದ್ದ ರಸ್ತೆಯಲ್ಲಂತೂ ಕ್ರೂಸ್ ಹಾಕಲೇಬಾರದು. ನೀರಿನ ಮೇಲೆ ಚಕ್ರ ಜಾರಿದರೂ ವೇಗವನ್ನು ಉಳಿಸಿಕೊಳ್ಳಲೇ ಅದು ನೋಡುತ್ತದೆ.

ಇದು ಒಂದಾದರೆ, ನೀವು ಒಂದೇ ಮದ್ದನ್ನು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಕೇಳುತ್ತಿದ್ದೀರಿ ಎನಿಸುತ್ತದೆ. ವೇಗ ಮೀರುವುದಕ್ಕೆ ಎಚ್ಚರಿಕೆಯ ಸದ್ದು ಸಾಕು. 2019ರ ಜುಲೈಯಿಂದ ಈಚೆಗೆ ತಯಾರಾದ ಕಾರುಗಳಲ್ಲಿ 80 ದಾಟಿದಾಗ ಬೀಪ್ ಬರುವುದು ಕಡ್ಡಾಯ. ನಿಮ್ಮ ಹಳೆಯ ಗಾಡಿಯಲ್ಲಿ ಅದೇ ಕೆಲಸವನ್ನು ಮೊಬೈಲಿನ ಜಿಪಿಎಸ್ ಮಾಡುತ್ತದೆ, ಇದಕ್ಕೆ ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಉಳಿಯುವುದು ಮಂಡಿ ನೋವು. ಸೀಟನ್ನು ಎಷ್ಟು ಹಿಂದಕ್ಕೆ ಹಾಕಿಕೊಳ್ಳುತ್ತೀರಿ, ಹಿಮ್ಮಡಿ ನೆಲಕ್ಕೆ ಊರುತ್ತದೆಯೇ, ಪೆಡಲ್ ಎಷ್ಟು ಗಡುಸಾಗಿದೆ, ಇವನ್ನು ನೋಡಿದ್ದೀರಾ?

ಹಾಗೂ ಹಾಕಿಸುವುದಾದರೆ ವಿಮಾ ಕಂಪನಿಗೆ ಬರೆದು ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡುಗಳ ಬಗ್ಗೆ ಕಟ್ಟುನಿಟ್ಟಾಗಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ.

ಶಿರಾ ದಾರಿ ಅವರ ಮರುಮಾತು:

ಎಲ್ಲರಿಗೂ ಧನ್ಯವಾದ. ಇಷ್ಟು ಬಿಡಿಸಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಹಳೆ ವೈರಿಂಗ್ ಸರ್ ಹೇಳಿದಂತೆ ಭಾನುವಾರ ಬೆಳಿಗ್ಗೆ ಬಾನೆಟ್ ತೆರೆದು ನೋಡಿದೆ. ಥ್ರಾಟಲಿನ ಚಕ್ರ ಕೈಯಿಂದ ತಿರುಗಿಸಿ ಬಿಟ್ಟರೆ ಸರಿಯಾಗಿ ಹಿಂದಕ್ಕೆ ಬಂದಿತು. ಪೆಡಲಿನಿಂದ ಮಾಡಿದಾಗ ಮಾತ್ರ ಅರ್ಧದಲ್ಲಿ ತಡೆದು, ನಿಧಾನವಾಗಿ ಬಂದಿತು. ಬ್ರೇಕ್ ದೀಪಗಳು ಎಲ್‌ಇಡಿ, ಎರಡು ವರ್ಷದ ಹಿಂದೆ ನಾನೇ ಹಾಕಿಸಿದ್ದು.

ಹಳೆ ವೈರಿಂಗ್ ಅವರ ಉತ್ತರ:

ಹಾಗಾದರೆ ಥ್ರಾಟಲ್ ಬಾಡಿ ಚೆನ್ನಾಗಿದೆ, ಕೇಬಲ್ ಬಿಗಿದಿದೆ. ಇಷ್ಟು ವರ್ಷದಲ್ಲಿ ಒಳಗಿನ ಎಳೆಗಳು ಒಂದೊಂದಾಗಿ ಹರಿದು ಕೊಳವೆಗೆ ಉಜ್ಜುವುದು ಸಹಜ. ಎಣ್ಣೆ ಬಿಟ್ಟು ನೋಡಬೇಡಿ, ಹೊಸ ಕೇಬಲ್ಲನ್ನೇ ಹಾಕಿಸಿ. ಪೆಡಲ್ ಬಿಟ್ಟಾಗ ಸ್ವಲ್ಪ ಸಡಿಲವಿರುವಂತೆ, ಪೂರ್ತಿ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯುವಂತೆ ಹೊಂದಿಸಲು ಹೇಳಿ. ಗಡುಸಾದ ಆ ಪೆಡಲನ್ನು ಮೂರು ತಾಸು ಒತ್ತಿಹಿಡಿದರೆ ಯಾರ ಮಂಡಿಯಾದರೂ ನೋಯುತ್ತದೆ. ಈ ಸ್ಥಿತಿಯಲ್ಲಿ ಆ ಸರಳನ್ನೋ ಸರ್ವೋವನ್ನೋ ಕಟ್ಟಿದ್ದರೆ, ಬ್ರೇಕ್ ತುಳಿದ ಮೇಲೂ ಕೇಬಲ್ ಅರ್ಧದಲ್ಲೇ ನಿಂತಿರುತ್ತಿತ್ತು.

ಶಿರಾ ದಾರಿ ಅವರ ಮರುಮಾತು:

ಕೇಬಲ್ ಬದಲಾಯಿಸಿ, ಸೀಟನ್ನು ಎರಡು ಹಲ್ಲು ಮುಂದಕ್ಕೆ ಹಾಕಿಕೊಂಡು ನಿನ್ನೆ ದಾವಣಗೆರೆಗೆ ಬಂದೆ. ಪೆಡಲ್ ಹೊಸ ಗಾಡಿಯದರಂತೆ ಹಗುರವಾಗಿದೆ. ಮೊಬೈಲಿನಲ್ಲಿ 85ಕ್ಕೆ ಸದ್ದು ಮಾಡುವಂತೆ ಇಟ್ಟಿದ್ದೆ, ದಾರಿಯಲ್ಲಿ ಏಳೆಂಟು ಸಲ ಎಚ್ಚರಿಸಿತು. ಮಂಡಿ ನೋವು ಚಿತ್ರದುರ್ಗದ ಹತ್ತಿರ ಸ್ವಲ್ಪ ಕಾಣಿಸಿಕೊಂಡಿತಾದರೂ ಹಿರಿಯೂರಿನಲ್ಲಿ ಇಳಿಯಬೇಕಾಗಲಿಲ್ಲ. ಸರ್ವೋ ಕಿಟ್ಟಿನ ವಿಚಾರವನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ತಾಯಿಯನ್ನು ಈ ಸಲ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಶುಕ್ರವಾರ ಹೊರಡುತ್ತೇವೆ.